ಹಿಡಿಬಳ್ಳಿಯ ಪಾಳಿ

ದೀಪಾವಳಿಯ ಹಣತೆ ತೊಳೆದು ಅಟ್ಟಕ್ಕಿಟ್ಟ ಮೇಲೆ ನಮ್ಮೂರಿನ ಮನೆಗಳು ಹಗುರಾಗತೊಡಗುತ್ತವೆ. ಅದು ಮೊದಲು ಗೊತ್ತಾಗುವುದು ಹೆಂಗಸರಿಗೆ. ಬೆಳಗ್ಗೆ ಹೊಸ್ತಿಲು ತೊಳೆದಾಗ ನೀರು ಎಂದಿನಂತೆ ಅಂಗಳಕ್ಕೆ ಹರಿಯದೆ ಹೊಸ್ತಿಲ ಅಡಿಗೆ ನುಸುಳಿದರೆ ಅನುಮಾನ ಬರುತ್ತದೆ. ಒಂದು ಹುಲ್ಲುಕಡ್ಡಿ ತೂರಿಸಿ ನೋಡುತ್ತಾರೆ. ಕಡ್ಡಿ ಹೋಗದಿದ್ದರೆ ಸಮಾಧಾನವಾಗಿ ರಂಗೋಲಿ ಎಳೆಯುತ್ತಾರೆ. ಹೋದರೆ ಗಂಡನನ್ನು ಎಬ್ಬಿಸುತ್ತಾರೆ.

ಎಬ್ಬಿಸಿ ಆಗುವುದೇನೂ ಇಲ್ಲ. ಹಗ್ಗ ಬಿಗಿದರೆ ಹರಿಯುತ್ತದೆ, ಗೂಟ ಹೊಡೆದರೆ ಕಿತ್ತು ಬರುತ್ತದೆ. ಮನೆಯನ್ನು ನಿಂತಲ್ಲಿ ನಿಲ್ಲಿಸುವುದು ಹಿಡಿಬಳ್ಳಿ ಒಂದೇ. ಅಂಗೈ ಅಗಲದ ದಪ್ಪ ಎಲೆ, ಗೆಣ್ಣುಗೆಣ್ಣಿಗೂ ಬೇರು. ಆ ಬೇರಿನಲ್ಲಿ ಗೋಡೆ ಕಚ್ಚಿಕೊಂಡು ಹೆಂಚಿನವರೆಗೂ ಹಬ್ಬುತ್ತದೆ. ವರ್ಷವಿಡೀ ಹಸಿರು. ಮಳೆಗಾಲದಲ್ಲಿ ಅದನ್ನು ಕೇಳುವವರಿಲ್ಲ, ಮೇಕೆ ಕಡಿದರೂ ಬೈಯುವವರಿಲ್ಲ. ಚಳಿ ಬಿದ್ದಿತೋ, ಎಳೆಗೂಸಿಗೂ ಆ ಆರೈಕೆ ಇರುವುದಿಲ್ಲ. ಬುಡಕ್ಕೆ ತರಗು ಹಾಸಬೇಕು, ಎಲೆಯ ಮೇಲೆ ಕೂತ ಇಬ್ಬನಿಯನ್ನು ಒಣಬಟ್ಟೆಯಲ್ಲಿ ಒರೆಸಬೇಕು, ಕುಡುಗೋಲು ತಾಕಿಸಬಾರದು, ಬಿಸಿಲೇರಿದ ಮೇಲೆ ಆಗೊಮ್ಮೆ ಈಗೊಮ್ಮೆ ಒಂದೊಂದು ಚೊಂಬು ನೀರು. ಸಂಕ್ರಾಂತಿ ದಾಟಿಸಿದರೆ ಗೆದ್ದಂತೆ. ಆಮೇಲೆ ಮನೆ ತನ್ನ ಭಾರಕ್ಕೆ ತಾನೇ ಕೂರುತ್ತದೆ.

ಬಳ್ಳಿ ಒಣಗಿದವರ ಮನೆ ಹೊರಟುಬಿಡುತ್ತದೆ. ಹೊರಡುವುದೂ ಗಬ್ಬದ ಎಮ್ಮೆ ಎದ್ದು ಹೋದ ಹಾಗೆ, ನಿಧಾನಕ್ಕೆ. ಒಲೆಯ ಮೇಲಿನ ಹಾಲೂ ತುಳುಕುವುದಿಲ್ಲ. ಹೊರಟ ಮನೆಯ ಹೊಸ್ತಿಲನ್ನು ಮಾತ್ರ ದಾಟುವ ಹಾಗಿಲ್ಲ. ಒಳಗಿದ್ದವರು ಒಳಗೆ, ಹೊರಗಿದ್ದವರು ಹೊರಗೆ, ಅದು ಎಲ್ಲಾದರೂ ಕೂರುವವರೆಗೆ. ಕೂತ ಮೇಲೆ ಅದೇ ಅದರ ಜಾಗ. ಹಿಂದಕ್ಕೆ ಬಂದ ಮನೆಯನ್ನು ನಮ್ಮೂರಲ್ಲಿ ಯಾರೂ ಕಂಡಿಲ್ಲ. ಓಬಜ್ಜಿಯ ಮನೆ ಒಂದು ಮಧ್ಯಾಹ್ನ ನಮ್ಮ ಬೀದಿಯಿಂದ ಎದ್ದು ಹೋಗಿ ಕೆರೆ ಏರಿಯ ಮೇಲೆ ಕೂತಿತು. ಒಳಗೆ ಖಾರ ಕುಟ್ಟುತ್ತಿದ್ದ ಅಜ್ಜಿ ಹುಣಿಸೇಹಣ್ಣು ಕಡ ಕೇಳೋಣವೆಂದು ಕಿಟಕಿಯಲ್ಲಿ ಕತ್ತು ಹಾಕಿದರೆ ಎದುರಿಗೆ ಪಕ್ಕದಮನೆ ಇಲ್ಲ, ಕೊಕ್ಕರೆ ನಿಂತಿದೆ. “ಹೋಗ್ಲಿ ಬುಡು, ಬಟ್ಟೆ ಒಗೆಯಾಕೆ ಹತ್ರ ಆತು” ಎಂದಳಂತೆ. ಅವಳದು ಒಂಟಿ ಮನೆ, ನಡೆಯುತ್ತದೆ. ಕುಂಬಾರ ಬೀದಿಯ ಅಣ್ಣತಮ್ಮಂದಿರ ಮನೆಗೆ ಹಾಗಾಗಲಿಲ್ಲ. ಪಾಲಾದಾಗ ನಡುವೆ ಹಾಕಿದ ಗೋಡೆಯಲ್ಲೇ ಅದು ಸೀಳಿ, ಅರ್ಧ ಮೂಡಲಿಗೆ, ಅರ್ಧ ಪಡುವಲಿಗೆ ನಡೆಯಿತು. ಅವರೀಗ ಮದುವೆಮನೆಗಳಲ್ಲಿ ಸಿಕ್ಕಿ, “ಹೆಂಗಿದೀಯಪ್ಪ?” ಎಂದು ಪರವೂರವರ ಹಾಗೆ ಕೇಳಿಕೊಳ್ಳುತ್ತಾರೆ.

ನಮ್ಮದೂ ಅಂಥ ಪಾಲಾದ ಮನೆಯೇ. ನನ್ನ ಗಂಡ ಬೋರಯ್ಯ ಚಿಕ್ಕವನು, ಭಾವ ಪಾಲಯ್ಯ ದೊಡ್ಡವನು. ಭಾವನ ಹೆಂಡತಿ ತಿಪ್ಪಕ್ಕ ನನ್ನ ಓರಗಿತ್ತಿ. ನಡುಮನೆಯಲ್ಲಿ ಮಣ್ಣಿನ ಗೋಡೆ ಎದ್ದು ಬೀದಿಗೆ ಎರಡು ಬಾಗಿಲಾದಾಗ ಪಾತ್ರೆ, ದನ, ಕಣಜ ಎಲ್ಲ ಹಂಚಿಕೆಯಾದವು. ಬಳ್ಳಿ ಮಾತ್ರ ಎರಡು ಬಾಗಿಲ ನಡುವೆ ಒಂದೇ ಬುಡದಿಂದ ಎದ್ದು ಆಚೆಗೊಂದು ಕವಲು, ಈಚೆಗೊಂದು ಕವಲು ಚಾಚಿಕೊಂಡಿತ್ತು. “ಅದುನ್ನ ಸೀಳಾಕಾಗ್ತದಾ? ಒಂದು ಚಳಿಗಾಲ ದೊಡ್ಡೋಳು ನೋಡ್ಕಳ್ಳಿ, ಒಂದು ಚಳಿಗಾಲ ಸಣ್ಣೋಳು” ಎಂದು ನಮ್ಮತ್ತೆ ಪಾಳಿ ಕಟ್ಟಿದಳು. ಹಾಗೇ ನಡೆದುಕೊಂಡೂ ಬಂತು. ಹೋದ ಚಳಿಗಾಲ ತಿಪ್ಪಕ್ಕನ ಪಾಳಿ. ಚಳಿ ಹಿಡಿಯುವ ಹೊತ್ತಿಗೇ ಅತ್ತೆ ತೀರಿಕೊಂಡಳು. ಸೂತಕದ ಕೈಯಲ್ಲಿ ಹಿಡಿಬಳ್ಳಿ ಮುಟ್ಟುವ ಹಾಗಿಲ್ಲ. ಓಬಜ್ಜಿಯೇ ಏರಿಯಿಂದ ಇಳಿದು ಬಂದು ನೀರೆರೆದಳು. ಸೂತಕ ಕಳೆದ ಮೇಲೂ, ಹಿಡಿದ ಕೈ ಬದಲಿಸಬಾರದೆಂದು ಸಂಕ್ರಾಂತಿಯವರೆಗೆ ಅವಳೇ ನೋಡಿಕೊಂಡಳು.

ಈ ಸಲ ದೀಪಾವಳಿ ಕಳೆದದ್ದೇ ತಕರಾರು ಶುರುವಾಯಿತು. ತಿಪ್ಪಕ್ಕನ ಮಾತು, ಹೋದ ಸಲ ತನ್ನ ಪಾಳಿ ಮುಗಿಯಿತು, ಅಜ್ಜಿ ಎರೆದದ್ದು ತನ್ನ ಪರವಾಗಿ. ನನ್ನ ಮಾತು, ಬೇರೆಯವರು ಎರೆದ ನೀರು ಇವಳ ಪಾಳಿ ಹೇಗಾದೀತು, ಅದಿನ್ನೂ ಬಾಕಿ. ಎರಡು ದಿನ ಎದುರಾಎದುರೇ ಆಡಿದೆವು. ಮೂರನೆಯ ದಿನ ಮಾತು ಬಿಟ್ಟೆವು. ಗಂಡಸರು ಮಾತ್ರ ಎಂದಿನಂತೆ ಒಟ್ಟಿಗೆ ಹೊಲಕ್ಕೆ ಹೋಗಿ ಒಟ್ಟಿಗೆ ಬರುತ್ತಿದ್ದರು. ಅವರಿಬ್ಬರೂ ಮೊದಲಿಂದ ಮಾತೇ ಕಡಿಮೆ ಇದ್ದವರು, ಜಗಳವಾಡಲು ಬಂಡವಾಳವಿರಲಿಲ್ಲ.

ಮಾತು ಬಿಟ್ಟೆವೆಂದರೆ ಸುಮ್ಮನಿದ್ದೆವೆಂದಲ್ಲ. ಗೋಡೆಯಾಚೆ ತಿಪ್ಪಕ್ಕ ತನ್ನ ಕೋಳಿಯನ್ನು ಕರೆದು, “ಏ ಕೆಂಪಿ, ಕಾಳು ತಿನ್ನಾಕೆ ಮಾತ್ರ ಮುಂದೆ ಬರ್ತೀಯ, ಪಾಳಿ ಬಂದ್ರೆ ಗೂಡು ಸೇರ್ಕಂತೀಯ. ನಾಚ್ಕೆ ಆಗಲ್ವೇನೇ ನಿಂಗೆ?” ಎನ್ನುವಳು. ಈಚೆ ನಾನು ಎಮ್ಮೆಯ ಮುಂದೆ ಬಾನಿ ಎಳೆದು, “ಕುಡಿಯವ್ವ, ನೀನು ಕುಡಿ. ಸತ್ತೋರ ಹೆಸರಲ್ಲಿ ಪಾಳಿ ತಪ್ಪಿಸ್ಕಳೋರ ಮಾತು ನಿಂಗ್ಯಾಕೆ?” ಎನ್ನುವೆ. ಎಮ್ಮೆ ಕುಡಿಯುತ್ತಿತ್ತು, ಕೋಳಿ ಕೆದಕುತ್ತಿತ್ತು, ಬಳ್ಳಿ ಅವಳ ಪಾಳಿಯೂ ಅಲ್ಲ, ನನ್ನ ಪಾಳಿಯೂ ಅಲ್ಲ ಎಂಬಂತೆ ನಿಂತಿತ್ತು.

ನಾನು ಪಟ್ಟು ಹಿಡಿದು ಕೂರಬಹುದಿತ್ತು. ಆದರೆ ಅದೇ ಹೊತ್ತಿಗೆ ನನ್ನ ಮಗಳು ಹೊನ್ನಿ ಚೊಚ್ಚಲು ಹೆರಿಗೆಗೆ ಬಂದಳು. ಪುಷ್ಯ ತುಂಬುವಷ್ಟರಲ್ಲಿ ಹೆರಿಗೆ ಎಂದು ನರ್ಸಮ್ಮ ಹೇಳಿದ್ದಳು. ನರ್ಸಮ್ಮನ ಮನೆ ನಮ್ಮ ಬೀದಿಯ ತುದಿಗೆ, ಕೂಗಿದರೆ ಕೇಳುವಷ್ಟು ದೂರ. ಮನೆ ಎದ್ದು ಹಳ್ಳದಾಚೆ ಹೋಗಿ ಕೂತರೆ? ದಾರಿಯಲ್ಲೇ ನೋವು ಬಂದರೆ? ಹೊಸ್ತಿಲು ದಾಟಿ ಒಳಗೆ ಬರುವವರು ಯಾರು? ಆ ಯೋಚನೆ ಬಂದ ದಿನವೇ ನಾನು ನಸುಕಿನಲ್ಲಿ ಸಗಣಿ ಬುಟ್ಟಿ ಹೊತ್ತು ತಿಪ್ಪೆಗೆ ಹೋಗುವ ನೆಪದಲ್ಲಿ ಸೆರಗಿನಡಿ ಒಂದು ಚೊಂಬು ನೀರು ಒಯ್ದು ಬಳ್ಳಿಯ ಬುಡಕ್ಕೆ ಹುಯ್ದೆ. ಯಾರ ಕಣ್ಣಿಗೂ ಬೀಳಬಾರದಿತ್ತು. ನಮ್ಮೂರಲ್ಲಿ ಒಂದು ಸಲ ಬಳ್ಳಿಗೆ ಕೈ ಹಾಕಿದ್ದು ಕಂಡರೆ ಪಾಳಿ ನಿನ್ನದೇ ಎಂದು ನಾಲ್ಕು ಜನ ಸಾಕ್ಷಿ ನಿಲ್ಲುತ್ತಾರೆ.

ಹೊನ್ನಿಗೆ ಗೋಡೆಯ ಲೆಕ್ಕವಿರಲಿಲ್ಲ. ಹುಟ್ಟಿದಾಗ ಅವಳನ್ನು ಮೊದಲು ಕೈಗೆತ್ತಿಕೊಂಡವಳು ತಿಪ್ಪಕ್ಕ, ಆಮೇಲೂ ಇಳಿಸಿದ್ದು ಕಡಿಮೆ. ತಿಪ್ಪಕ್ಕನಿಗೆ ಮಕ್ಕಳಿಲ್ಲ. ಹುಡುಗಿ ಬೆಳಗ್ಗೆ ಇಲ್ಲಿ ರೊಟ್ಟಿ ತಿಂದು, ಮಧ್ಯಾಹ್ನ ಅಲ್ಲಿ ಮುದ್ದೆ ಉಂಡು, ಎರಡೂ ಕಡೆಯ ಸುದ್ದಿಯನ್ನು ಹೊಟ್ಟೆಯ ಜೊತೆಗೇ ಹೊತ್ತು ಓಡಾಡುತ್ತಿದ್ದಳು.

“ದೊಡ್ಡವ್ವ ಕೇಳಿದ್ಲು ಕಣವ್ವ, ನಿಮ್ಮವ್ವ ಬಳ್ಳಿಗೆ ನೀರು ಹಾಕ್ತಾಳಾ ಅಂತ.”

“ನೀನೇನಂದೆ?”

“ಅವಳ ಪಾಳಿ ಅಲ್ವಂತಲ್ಲ, ಅವಳ್ಯಾಕೆ ಹಾಕ್ತಾಳೆ ಅಂದೆ.”

“ಒಳ್ಳೇದು ಮಾಡ್ದೆ. ಅವಳು ಹಾಕ್ತಾಳಾ?”

“ನಾನೂ ಅದೇ ಕೇಳ್ದೆ. ‘ನಾನ್ಯಾಕೆ ಹಾಕ್ಲಿ’ ಅಂತ ನನ್ ಮ್ಯಾಲೇ ರೇಗಿದ್ಲು.”

ಕೇಳಿ ನನ್ನ ಹೊಟ್ಟೆ ಉರಿಯಿತು. ಹೆತ್ತವಳ ಹಾಗೆ ಎತ್ತಿ ಆಡಿಸಿದ ಹುಡುಗಿ ತುಂಬಿದ ಬಸುರಿಯಾಗಿ ಈ ಮನೆಯಲ್ಲಿ ಕೂತಿದ್ದಾಳೆ, ಇವಳಿಗೆ ಒಂದು ಚೊಂಬು ನೀರಿಗೆ ಬಡತನವೇ? ಮಾರನೆಯ ದಿನದಿಂದ ಚೊಂಬಿನ ಬದಲು ಬಿಂದಿಗೆ ಒಯ್ದೆ. ತರಗಿನ ಕೆಳಗೆ ಬುಡ ಸದಾ ತೇವವಾಗಿಯೇ ಇರುತ್ತಿತ್ತು. ಇಬ್ಬನಿ ಹೆಚ್ಚು ಬಿದ್ದಿದೆ ಎಂದುಕೊಂಡೆ.

ಮಾರ್ಗಶಿರದಲ್ಲಿ ಕೆಳಗಿನ ಎಲೆಗಳು ಹಳದಿಯಾದವು. ಹಿಡಿಬಳ್ಳಿಯ ಎಲೆ ಹಳದಿಯಾದದ್ದನ್ನು ನಾನು ನೋಡಿರಲೇ ಇಲ್ಲ. ಮುಟ್ಟಿದರೆ ಕೈಗೆ ಬರುತ್ತಿದ್ದವು, ಮೆತ್ತಗೆ, ಬೆಂದ ಸೊಪ್ಪಿನ ಹಾಗೆ. ಗೋಡೆ ಕಚ್ಚಿದ್ದ ಬೇರುಗಳು ಅಲ್ಲಲ್ಲಿ ಬಿಟ್ಟುಕೊಂಡು ಗಾಳಿಗೆ ಆಡುತ್ತಿದ್ದವು. ಆಚೆ ಕಡೆಯಿಂದ ಕೋಳಿಗೆ ಬಿದ್ದ ಬೈಗುಳ ಕೇಳಿ ಬೀದಿಯ ನಾಯಿಗಳು ಎದ್ದು ಹೋದವು. “ಒಣಗಿಸ್ರೇ, ಒಣಗಿಸಿ! ಬಸುರಿ ಹೆಂಗಸನ್ನ ಊರು ಸುತ್ತಿಸಿ!” ನಾನು ಎಮ್ಮೆಯ ಬೆನ್ನು ತಟ್ಟಿ, “ನೋಡಿದ್ಯಾ? ಒಣಗಿಸಿದೋರೇ ಬೊಬ್ಬೆ ಹೊಡೀತಾರೆ” ಎಂದೆ. ಬಿಂದಿಗೆ ಎರಡಾಯಿತು. ಹಂಡೆಯಿಂದ ಬೆಚ್ಚನೆ ನೀರೇ ಒಯ್ದೆ, ಬೇರಿಗೆ ಚಳಿಯಾಗದಿರಲಿ ಎಂದು. ಹಳೇ ಕಂಬಳಿ ಹರಿದು ಕಾಂಡಕ್ಕೆ ಸುತ್ತಿದೆ. ಮಾರನೆಯ ದಿನ ನೋಡಿದರೆ ಅದರ ಮೇಲೆ ಯಾರೋ ಗೋಣಿತಾಟನ್ನೂ ಸುತ್ತಿದ್ದರು. ಬೀದಿಯಲ್ಲಿ ಯಾವ ಪುಣ್ಯಾತ್ಮರೋ ಕನಿಕರಪಟ್ಟಿದ್ದಾರೆ ಎಂದುಕೊಂಡೆನೇ ಹೊರತು ಮುಂದಕ್ಕೆ ಯೋಚನೆ ಹರಿಯಲಿಲ್ಲ.

ಒಂದು ಬೆಳಗ್ಗೆ ಹೊಸ್ತಿಲ ಅಡಿಗೆ ಕಡ್ಡಿ ಹೋಯಿತು. ಎರಡು ದಿನಕ್ಕೆ ಬೆರಳೂ ಹೋಯಿತು. ನಡುಗೋಡೆಯ ನೆತ್ತಿಯಿಂದ ಬುಡದವರೆಗೆ ಕೂದಲಿನಷ್ಟು ಬಿರುಕು ಬಿಟ್ಟು, ಅದರಲ್ಲಿ ತಿಪ್ಪಕ್ಕನ ಒಲೆಯ ಬೆಳಕು ಕೆಂಪಗೆ ಕಾಣುತ್ತಿತ್ತು. ಓಬಜ್ಜಿ ಬಂದು ಹೊಸ್ತಿಲ ಮುಂದೆ ಕುಕ್ಕರುಗಾಲಲ್ಲಿ ಕೂತು ತನ್ನ ಬೆರಳನ್ನೂ ತೂರಿಸಿ ನೋಡಿದಳು.

“ಸಣ್ಣೀರಿ, ಹುಡುಗೀನ ಗಂಡನ ಮನೆಗೆ ಕಳಿಸ್ಬುಡು.”

“ಈ ದಿನದಲ್ಲಿ ಬಂಡಿ ಹತ್ತಿಸಾಕಾಗ್ತದೇನಜ್ಜಿ? ನರ್ಸಮ್ಮ ಅಲ್ಲಾಡಬ್ಯಾಡ ಅಂದವ್ಳೆ.”

“ಹಂಗಾದ್ರೆ ಅಕ್ಕಿಬ್ಯಾಳೆ, ಎಣ್ಣೆ, ಸೌದೆ ಒಳಗಿಟ್ಕ. ನೀನೂ ಒಳಗೇ ಇರು. ಹೊರಡೋವಾಗ ಹೊರಗಿದ್ದೀಯ ಮತ್ತೆ.” ಏಳುತ್ತ ಬಿರುಕಿನ ಕಡೆ ನೋಡಿದಳು. “ಕುಂಬಾರ್ರದ್ದೂ ಹಿಂಗೇ ಬಿಟ್ಟಿತ್ತು.”

ಆ ದಿನ ನನಗೆ ಕೆಲಸ ಸಾಗಲಿಲ್ಲ. ಮನೆ ಹೋದರೆ ಹೋಗಲಿ, ಅನ್ನ ನೀರು ಒಳಗಿದೆ, ಹೆರಿಗೆಯಾದರೆ ನಾನೇ ನಿಭಾಯಿಸುವೆ ಎಂದು ಧೈರ್ಯ ತಂದುಕೊಂಡೆ. ಆದರೆ ಆ ಬಿರುಕಿನಲ್ಲಿ ತಿಪ್ಪಕ್ಕ ಕೆಮ್ಮಿದ್ದು ಕೇಳಿದಾಗ ಧೈರ್ಯ ಇಳಿದುಹೋಯಿತು. ನಾನು ಸೊಸೆಯಾಗಿ ಬಂದ ದಿನದಿಂದ ಆ ಕೆಮ್ಮು ಕೇಳದ ಬೆಳಗು ಒಂದೂ ಇಲ್ಲ. ಅದು ಮೂಡಲಿಗೆ, ನಾನು ಪಡುವಲಿಗೆ. ಆಮೇಲೆ ನಾನು ಎಮ್ಮೆಯ ಹತ್ತಿರ ಆಡಿದ್ದನ್ನು ಕೇಳುವವರು ಯಾರು?

ಮಾರನೆಯ ದಿನ ನಸುಕಿಗೇ ಎದ್ದೆ. ಒಂದು ಕೈಯಲ್ಲಿ ಬಿಂದಿಗೆ, ಒಂದು ಕೈಯಲ್ಲಿ ತಂಬಿಗೆ. ಸಗಣಿ ಬುಟ್ಟಿಯ ನೆಪವೂ ಬೇಡವಾಗಿತ್ತು. ಮಂಜು ದಟ್ಟವಾಗಿತ್ತು. ಬಳ್ಳಿಯ ಬುಡದಲ್ಲಿ ಬಾಗಿ ನೀರು ಹುಯ್ಯುತ್ತಿರುವಾಗ ಪಕ್ಕದಲ್ಲೇ ಇನ್ನೊಂದು ಧಾರೆ ಬಿದ್ದ ಸದ್ದಾಯಿತು. ತಲೆ ಎತ್ತಿದೆ. ತಿಪ್ಪಕ್ಕ ಕೊಡ ಬಗ್ಗಿಸಿಕೊಂಡು ನಿಂತಿದ್ದಳು. ಇಬ್ಬರ ಕೈಯೂ ಹಾಗೇ ನಿಂತವು, ನೀರು ಮಾತ್ರ ಸುರಿಯುತ್ತಲೇ ಇತ್ತು.

“ನಿನ್ನ ಪಾಳಿ ಅಲ್ಲ ಅಂದ್ಯಲ್ಲೇ?” ಎಂದಳು.

“ನಿನ್ನ ಪಾಳೀನೂ ಅಲ್ಲ ಅಂದಿದ್ಯಲ್ಲಕ್ಕ?”

“ನೀನು ಹಾಕಲ್ಲ ಅಂತ ಹುಡುಗಿ ಅಂದ್ಲು, ಅದ್ಕೇ ನಾನು... ದಿನಾ ನೀನು ಹೊಲಕ್ಕೆ ಬುತ್ತಿ ಒಯ್ದಾಗ ಹಾಕ್ತಿದ್ದೆ. ಇವತ್ತು ಜೀವ ತಡೀಲಿಲ್ಲ, ಬೆಳಗ್ಗೇನೂ ಬಂದೆ.”

“ನಾನು ದಿನಾ ಬೆಳಗ್ಗೆ.”

“ಎಷ್ಟು?”

“ಎರಡು ಬಿಂದಿಗೆ. ನೀನು?”

“ಎರಡು ಕೊಡ.” ಅವಳ ಬಾಯಿ ತೆರೆದೇ ಉಳಿಯಿತು. “ಅಯ್ಯೋ ನಿನ್ನ ಮನೆ ಕಾಯೋಗ! ಒಣಗಿಸಿಲ್ಲ ಕಣೇ ನಾವು. ಮುಳುಗಿಸಿದೀವಿ!”

ನನಗೆ ನಗು ಬಂತೋ ಅಳು ಬಂತೋ ತಿಳಿಯಲಿಲ್ಲ. ಇಬ್ಬರೂ ಅಲ್ಲೇ ಕೂತು ತರಗು ಎಳೆದು ಹಾಕಿದೆವು. ಕೆಳಗೆ ಮಣ್ಣಲ್ಲ, ಗದ್ದೆಯ ಕೆಸರು. ಕೈ ಹಾಕಿದರೆ ಮುಂಗೈ ಮುಳುಗಿ ಕೊಳೆತ ವಾಸನೆ ಎದ್ದಿತು. ಕಂಬಳಿ, ಗೋಣಿತಾಟು ಬಿಚ್ಚಿದರೆ ಕಾಂಡ ಬೆವೆತ ಹಾಗೆ ಒದ್ದೆ.

“ಗೋಣಿ ಯಾರದ್ದು?” ಎಂದೆ.

“ನಂದೇ. ಕಂಬಳಿ?”

“ನಂದು.”

“ಒಳ್ಳೇ ಬಾಣಂತನ ಮಾಡಿದೀವಿ ಬುಡು” ಎಂದಳು ತಿಪ್ಪಕ್ಕ.

ಹೊತ್ತು ಏರುವವರೆಗೆ ಕೆಸರು ತೋಡಿ ಬುಟ್ಟಿಗೆ ತುಂಬಿ ಹಾಕಿದೆವು. ಕರ್ರಗೆ ಮೆತ್ತಗಾಗಿದ್ದ ಬೇರುಗಳನ್ನು ತಿಪ್ಪಕ್ಕ ಉಗುರಿನಿಂದಲೇ ಚಿವುಟಿದಳು, ಚಳಿಗಾಲದಲ್ಲಿ ಕಬ್ಬಿಣ ತಾಕಿಸಬಾರದಲ್ಲ. ನಡುವೆ ಒಂದಿಷ್ಟು ಬಿಳಿಯ ಬೇರು ಇನ್ನೂ ಗಟ್ಟಿಯಿತ್ತು. ಅದನ್ನು ಕಂಡು ಅವಳು ನನ್ನ ತೋಳು ಹಿಡಿದುಕೊಂಡಳು. ಹೊಲಕ್ಕೆ ಹೊರಟ ಗಂಡಸರನ್ನು ತಡೆದು ಹಳ್ಳದ ಒಣಮರಳು ತರಿಸಿದೆವು. ಇಬ್ಬರು ಹೆಂಡಿರೂ ಒಂದೇ ದನಿಯಲ್ಲಿ ಕೆಲಸ ಹೇಳುವುದನ್ನು ಕೇಳಿ ಅಣ್ಣತಮ್ಮಂದಿರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮರಳು, ಒಲೆಯ ಬೂದಿ, ಒಣಮಣ್ಣು ಬೆರೆಸಿ ಬೇರಿನ ಸುತ್ತ ಸಡಿಲವಾಗಿ ತುಂಬಿ, ಬಿಸಿಲು ತಾಕಲೆಂದು ಬುಡವನ್ನು ಬರಿದಾಗಿಯೇ ಬಿಟ್ಟೆವು.

ಆಮೇಲಿನ ಕೆಲಸ ಇನ್ನೂ ಕಷ್ಟದ್ದು. ಏನೂ ಮಾಡದೆ ಕೂರಬೇಕಿತ್ತು. ಬಾಡಿದ ಗಿಡದ ಮುಂದೆ ಬರಿಗೈಯಲ್ಲಿ ಕೂರುವುದು ಹೆಂಗಸಿಗೆ ಬರುವ ವಿದ್ಯೆಯಲ್ಲ. ನನ್ನ ಕೈ ಚೊಂಬಿನ ಕಡೆ ಹೋದರೆ ತಿಪ್ಪಕ್ಕ ಕೆಮ್ಮುವಳು, ಅವಳು ಕೊಡ ಎತ್ತಿದರೆ ನಾನು ಜಗುಲಿಯಿಂದಲೇ, “ಎಲ್ಲಿಗಕ್ಕ?” ಎನ್ನುವೆ. ಒಬ್ಬರನ್ನೊಬ್ಬರು ಕಾಯಲೆಂದೇ ಬೆಳಗ್ಗೆಯಿಂದ ಸಂಜೆವರೆಗೆ ಒಂದೇ ಜಗುಲಿಯ ಮೇಲೆ ಕೂತು ಅವರೆಕಾಯಿ ಸುಲಿದೆವು. ಹೊನ್ನಿ ನಡುವೆ ಕಾಲು ಚಾಚಿ ಕೂತು, “ಇಬ್ರೂ ಮಾತಾಡದೇ ಇದ್ದಾಗ್ಲೇ ಚೆಂದಾಗಿತ್ತು ಕಣ್ರವ್ವ, ಎರಡು ಕಡೆ ಊಟ ಸಿಕ್ತಿತ್ತು” ಎನ್ನುತ್ತಿದ್ದಳು. ಒಂದು ದಿನ ಓಬಜ್ಜಿ ಬಂದವಳು ಬಳ್ಳಿಯ ಗತಿ ನೋಡಿ, ಅಯ್ಯೋ ಪಾಪ ಎಂದು ತನ್ನ ಕೈಚೊಂಬನ್ನು ಬುಡಕ್ಕೆ ಬಗ್ಗಿಸಹೋದಳು. “ಹಾಕಬ್ಯಾಡಾ!” ಎಂದು ಇಬ್ಬರೂ ಒಟ್ಟಿಗೆ ಕೂಗಿದ ರಭಸಕ್ಕೆ ಅಜ್ಜಿ ಚೊಂಬು ಬಿಟ್ಟಳು.

“ಏನ್ರೇ ಇದು? ಮೊನ್ನೆವರ್ಗೂ ಕಚ್ಚಾಡ್ತಿದ್ರಿ, ಇವತ್ತು ಸೇರ್ಕಂಡು ನನ್ ಮ್ಯಾಲೆ ಬೀಳ್ತೀರಾ?”

“ಬಾಯಾರ್ದೋರಿಗೆ ಕೊಡಜ್ಜಿ ನಿನ್ ನೀರ. ಇದ್ರ ಹೊಟ್ಟೆ ತುಂಬೈತೆ” ಎಂದಳು ತಿಪ್ಪಕ್ಕ.

ಹಳದಿ ಎಲೆ ಉದುರುವುದು ನಿಂತಿತು. ಆದರೆ ಹೊಸದೇನೂ ಚಿಗುರಲಿಲ್ಲ, ಬಿಟ್ಟ ಬೇರು ಗೋಡೆ ಕಚ್ಚಲೂ ಇಲ್ಲ. ಬಿರುಕಿನಲ್ಲಿ ಈಗ ಬೆಳಕಷ್ಟೇ ಅಲ್ಲ, ಒಲೆಯೂ ಕಾಣುತ್ತಿತ್ತು.

ಪುಷ್ಯದ ಒಂದು ಮಧ್ಯಾಹ್ನ ಮನೆ ಎದ್ದಿತು. ಗಂಡಸರು ಹೊಲದಲ್ಲಿದ್ದರು. ಹೊನ್ನಿ ಒಳಗೆ ಮಲಗಿದ್ದಳು, ನಾನು ಎಸರಿಗೆ ಅಕ್ಕಿ ಹಾಕುತ್ತಿದ್ದೆ. ತಿಪ್ಪಕ್ಕ ತನ್ನ ಒಲೆಯ ಮೇಲೆ ರೊಟ್ಟಿ ಹಾಕಿ, ಸೌದೆ ತರಲು ಅಂಗಳಕ್ಕೆ ಬಂದಿದ್ದಳು. ಕಾಲಡಿಯ ನೆಲ ಉಸಿರೆಳೆದುಕೊಂಡ ಹಾಗಾಯಿತು. ಹೆಂಚುಗಳು ಒಂದಕ್ಕೊಂದು ತಾಕಿ ಸಣ್ಣಗೆ ಸದ್ದು ಮಾಡಿದವು. “ಅವ್ವಾ!” ಎಂದು ಹೊನ್ನಿ ಕೂಗಿದಳು. ನಾನು ಬಾಗಿಲಿಗೆ ಓಡಿ ನೋಡಿದೆ. ಹೊಸ್ತಿಲು ಮೆಟ್ಟಿಲಿಂದ ಗೇಣುದ್ದ ಮೇಲೆದ್ದು ಇನ್ನೂ ಏರುತ್ತಿತ್ತು. ಅಂಗಳದಲ್ಲಿ ತಿಪ್ಪಕ್ಕ ಸೌದೆ ಅಪ್ಪಿಕೊಂಡು ನಿಂತಿದ್ದಳು. ಅವಳ ಬಾಗಿಲು ಅವಳ ಎದುರಿಗೇ ಇತ್ತು. ಒಳಗೆ ಅವಳ ಒಲೆ, ಅವಳ ಪೆಟ್ಟಿಗೆ, ಅವಳ ಮದುವೆಯ ಸೀರೆ, ಒಂದು ಬಾಳಿನ ಸಾಮಾನು. ಅವಳು ಸೌದೆ ಬಿಸಾಡಿ ಸೀರೆ ಎತ್ತಿ ಕಟ್ಟಿ ಓಡಿ ಬಂದದ್ದು ನನ್ನ ಬಾಗಿಲಿಗೆ. ನಾನು ಕೈ ಕೊಟ್ಟು ಎಳೆದುಕೊಂಡೆ. ಅವಳ ಹಿಂದಿನ ಕಾಲು ಒಳಗೆ ಬಂದದ್ದೂ ಮನೆ ಜಾಗ ಬಿಟ್ಟು ಹೊರಟದ್ದೂ ಒಂದೇ ಆಯಿತು.

“ನಿನ್ನ ಮನೆ ಆ ಕಡೆ ಹೋದ್ರೆ?” ಎಂದೆ.

“ಹೋಗ್ಲಿ. ಕೂಸು ಹುಟ್ಟೋದು ಈ ಕಡೆ ತಾನೇ” ಎಂದು ನನ್ನನ್ನು ದಾಟಿ ಒಳಗೆ ಹೋದಳು.

ಹೊನ್ನಿಯನ್ನು ಎಬ್ಬಿಸಿ ಗೋಡೆಗೆ ಒರಗಿಸಿ, ಆ ಕಡೆ ಅವಳು, ಈ ಕಡೆ ನಾನು ಕೂತೆವು. ಮನೆ ನಿಧಾನಕ್ಕೆ ಬಲಕ್ಕೆ ವಾಲಿತು. ನಡುಗೋಡೆಯಿಂದ ಮಣ್ಣು ಪುಡಿಪುಡಿಯಾಗಿ ಉದುರಿತು. ಹೊರಗೋಡೆಯ ಮೇಲೆ, ಹಳೇ ಬಟ್ಟೆ ಹರಿದ ಹಾಗೆ, ಚರ್ರೆಂದು ಒಂದು ಸದ್ದು ಹೆಂಚಿನವರೆಗೆ ಹರಿಯಿತು. ಬಳ್ಳಿ ಬಿಟ್ಟುಕೊಳ್ಳುತ್ತಿದೆ ಎಂದು ನಾವು ಉಸಿರು ಹಿಡಿದೆವು. ತಿಪ್ಪಕ್ಕ ಹೊನ್ನಿಯ ಹೊಟ್ಟೆಯ ಮೇಲೆ ಕೈಯಿಟ್ಟಿದ್ದಳು. ಸದ್ದು ಒಂದು ಕಡೆ ನಿಂತಿತು. ನಿಂತಲ್ಲಿಂದ ಯಾರೋ ಹಗ್ಗ ಜಗ್ಗಿದಂತೆ ಮನೆಗೆ ಒಂದು ಎಳೆತ ಬಿತ್ತು, ಆಮೇಲೆ ಇನ್ನೊಂದು. ಆ ಬಿಳಿಯ ಬೇರುಗಳ ಬಲ ಎಷ್ಟಿತ್ತೋ ಏನೋ. ಮನೆ ಸ್ವಲ್ಪ ಹೊತ್ತು ಯೋಚಿಸಿತು. ಕೊನೆಗೆ ದಣಿದ ಎತ್ತು ಮೊದಲು ಮುಂಗಾಲು, ಆಮೇಲೆ ಹಿಂಗಾಲು ಮಡಚಿದ ಹಾಗೆ ನೆಲಕ್ಕೆ ಕೂತಿತು. ಹೆಂಚುಗಳು ಮತ್ತೊಮ್ಮೆ ತಾಕಿ ಸುಮ್ಮನಾದವು.

ಬೀದಿಯಿಂದ ನರ್ಸಮ್ಮ, “ಎಲ್ಲಾ ಸರಿಯಾಗಿದೀರೇನ್ರೇ?” ಎಂದು ಕೂಗುತ್ತಿದ್ದಳು. ಅವಳ ದನಿ ಎಂದಿನಷ್ಟೇ ಹತ್ತಿರದಿಂದ ಬಂತು.

“ಕೂತೈತೆ” ಎಂದಳು ತಿಪ್ಪಕ್ಕ. “ಎರಡು ಮೊಳ ಆ ಕಡೆ ಸರ್ದಿರ್ಬೇಕು. ಸರೀಲಿ, ಬಾಗಿಲಿಗೆ ಬಿಸಿಲು ಬೀಳ್ತದೆ.”

ಹೊನ್ನಿ ಹೊಟ್ಟೆ ಹಿಡಿದುಕೊಂಡು ನಗತೊಡಗಿದಳು. ನಮಗೂ ತಡೆಯಲಾಗಲಿಲ್ಲ. ನಗುವಿನ ನಡುವೆ ನನಗೆ ಆ ಕಡೆಯಿಂದ ಸೀದ ವಾಸನೆ ಬಂತು.

“ಅಕ್ಕ, ನಿನ್ನ ರೊಟ್ಟಿ ಸೀಯ್ತಾ ಐತೆ.”

ತಿಪ್ಪಕ್ಕ ಮೂಗೆಳೆದು ನೋಡಿದಳು. ಏಳಲಿಲ್ಲ. ಕಾಲು ಇನ್ನಷ್ಟು ಚಾಚಿ ಗೋಡೆಗೆ ಒರಗಿದಳು.

“ಸೀಯ್ಲಿ ಬುಡು. ನಿನ್ನ ಎಸರಿಗೆ ಇನ್ನೊಂದು ಸೇರು ಅಕ್ಕಿ ಹಾಕು.”